ಹಿಮಸಾಗರದ ದೂತ ಫ್ರಿತ್ಯೋಫ್ ನಾನ್ಸೆನ್

ಶಾಸ್ತ್ರಜ್ಞನು ಕಂಡ ಸತ್ಯವು ಜನರ ಮನಸ್ಸನ್ನೂ ಆಳುವವರ ಸಭೆಯನ್ನೂ ಮುಟ್ಟುವುದು ಹೇಗೆ? ಈ ಪ್ರಶ್ನೆಯನ್ನು ತನ್ನ ಬಾಳಿನುದ್ದಕ್ಕೂ ಎದುರಿಸಿದವನು ನಾರ್ವೆ ದೇಶದ ಫ್ರಿತ್ಯೋಫ್ ನಾನ್ಸೆನ್. ಉತ್ತರ ಧ್ರುವದ ಶೋಧಕನೆಂದು ಲೋಕವು ಅವನನ್ನು ನೆನೆಯುತ್ತದೆ. ಆದರೆ ಹಿಮದ ಮೇಲೆ ಅವನು ಪಟ್ಟ ಶ್ರಮಕ್ಕಿಂತ ಸಭೆಗಳಲ್ಲಿ ಪಟ್ಟ ಶ್ರಮವು ಕಡಮೆಯದೇನೂ ಅಲ್ಲ.

ನಾನ್ಸೆನ್ 1861ರ ಅಕ್ಟೋಬರ್ 10ರಂದು, ಇಂದು ಓಸ್ಲೋ ಎನಿಸಿಕೊಳ್ಳುವ ಕ್ರಿಸ್ಟಿಯಾನಿಯಾ ನಗರದ ಸಮೀಪದಲ್ಲಿ ಜನಿಸಿದನು. ಪ್ರಾಣಿಶಾಸ್ತ್ರವನ್ನು ಓದಿ, ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದನು. ಅಲ್ಲಿದ್ದಾಗ, 1884ರಲ್ಲಿ, ದಿನಪತ್ರಿಕೆಯೊಂದರ ಲೇಖನವು ಅವನ ಕಣ್ಣಿಗೆ ಬಿತ್ತು. 1881ರಲ್ಲಿ ಸೈಬೀರಿಯದ ಉತ್ತರಕ್ಕೆ ಹಿಮದ ಹಿಡಿತದಲ್ಲಿ ನುಚ್ಚುನೂರಾಗಿ ಮುಳುಗಿದ ‘ಜೀನೆಟ್’ ಎಂಬ ಅಮೆರಿಕದ ಹಡಗಿನ ಅವಶೇಷಗಳು ಗ್ರೀನ್‌ಲೆಂಡಿನ ನೈಋತ್ಯ ತೀರದಲ್ಲಿ ದೊರೆತಿದ್ದವು. ಧ್ರುವಪ್ರದೇಶವನ್ನು ಅಡ್ಡಹಾಯ್ದು ಹರಿಯುವ ಪ್ರವಾಹವೇ ಅವನ್ನು ಅಲ್ಲಿಗೆ ಸಾಗಿಸಿರಬೇಕೆಂಬುದು ಹವಾಮಾನಶಾಸ್ತ್ರಜ್ಞ ಹೆನ್ರಿಕ್ ಮೋನನ ಅಭಿಪ್ರಾಯ. ಹರಕು ಬಟ್ಟೆಯನ್ನೂ ಕಾಗದದ ಚೂರನ್ನೂ ಹೊತ್ತು ತಂದ ಹಿಮವು ಹಡಗೊಂದನ್ನೇ ಏಕೆ ಹೊತ್ತು ತರಬಾರದು? ತರುಣನ ತಲೆಯಲ್ಲಿ ಈ ವಿಚಾರವು ಬೇರೂರಿತು. ಪತ್ರಿಕೆಯ ಒಂದು ಲೇಖನ ಮಾಡಬಹುದಾದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಆದರೆ ಕೇಳುವವರು ಬೇಕಲ್ಲ! ಗ್ರೀನ್‌ಲೆಂಡಿನ ಒಳನಾಡನ್ನು ಸ್ಕೀ ಕಟ್ಟಿಕೊಂಡು ದಾಟುವೆನೆಂದು ಅವನು ಮೊದಲು ನೆರವು ಬೇಡಿದಾಗ ನಾರ್ವೆಯ ಸರಕಾರವು ಒಪ್ಪಲಿಲ್ಲ. ಹಣ ಕೊಟ್ಟವನು ಕೋಪನ್‌ಹೇಗನ್ನಿನ ಒಬ್ಬ ವರ್ತಕ. 1888ರಲ್ಲಿ ಐವರು ಸಂಗಡಿಗರೊಡನೆ ಆ ಸಾಹಸವನ್ನು ಪೂರೈಸಿ ಮರುವರ್ಷ ತಾಯ್ನಾಡಿಗೆ ಮರಳಿದಾಗ ಬಂದರಿನಲ್ಲಿ ಜನಸಾಗರವೇ ನೆರೆದಿತ್ತು. ಪ್ರವಾಸದ ಕಥನವನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆದು ಪ್ರಕಟಿಸಿದನು. ಜನರ ವಿಶ್ವಾಸವು ಹೀಗೆ ಅವನ ಮೊದಲ ಬಂಡವಾಳವಾಯಿತು.

1890ರ ಫೆಬ್ರವರಿಯಲ್ಲಿ ಅವನು ನಾರ್ವೆಯ ಭೂಗೋಳ ಸಂಘದ ಮುಂದೆ ತನ್ನ ಹಂಚಿಕೆಯನ್ನು ಬಿಚ್ಚಿಟ್ಟನು. ‘ಜೀನೆಟ್’ ಹಡಗಿನ ಅವಶೇಷಗಳಲ್ಲದೆ, ಗ್ರೀನ್‌ಲೆಂಡಿನ ದಡಕ್ಕೆ ತೇಲಿಬರುವ ಸೈಬೀರಿಯದ ಮರದ ದಿಮ್ಮಿಗಳು, ಅಲಾಸ್ಕದವರ ಬಳಕೆಯ ಒಂದು ಬೇಟೆಯ ಸಾಧನ: ಇಂಥ ಸಾಕ್ಷ್ಯಗಳನ್ನು ಒಂದೊಂದಾಗಿ ಪೋಣಿಸಿದನು. ಧ್ರುವಬಿಂದುವನ್ನು ಮುಟ್ಟುವುದು ಮುಖ್ಯವಲ್ಲ, ಅದರ ಸುತ್ತಣ ಅಜ್ಞಾತ ಪ್ರದೇಶವನ್ನು ಅರಿಯುವುದೇ ಮುಖ್ಯವೆಂದು ಮುಚ್ಚುಮರೆಯಿಲ್ಲದೆ ಹೇಳಿದನು. ಸಂಸತ್ತು ಎರಡು ಲಕ್ಷ ಕ್ರೋನರನ್ನು ಮಂಜೂರು ಮಾಡಿತು. ದೊರೆಯೂ ಸಾರ್ವಜನಿಕರೂ ಕೈಗೂಡಿಸಿದರು. ಆದರೆ 1892ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಭೂಗೋಳ ಸಂಘದಲ್ಲಿ ಮಾತನಾಡಿದಾಗ, ಹಿಮಸಾಗರದಲ್ಲಿ ತಲೆ ನರೆಸಿಕೊಂಡ ನಾವಿಕರಲ್ಲಿ ಹೆಚ್ಚಿನವರು ಈ ಹಂಚಿಕೆಯನ್ನು ನಂಬಲಿಲ್ಲ. ಹಿಮದ ಒತ್ತಡಕ್ಕೆ ತಡೆಯುವ ಹಡಗೇ ಇಲ್ಲವೆಂಬುದು ಅವರ ಅನುಭವವಾಗಿತ್ತು.

ಅದಕ್ಕೆ ಉತ್ತರವಾಗಿ ನಿಂತದ್ದು ಕಾಲಿನ್ ಆರ್ಚರ್ ಕಟ್ಟಿದ ‘ಫ್ರಾಮ್’. ಬೆರಳುಗಳ ನಡುವೆ ಒತ್ತಿದ ಹಲಸಿನ ಬೀಜವು ಜಾರಿ ಮೇಲಕ್ಕೆ ಪುಟಿಯುವಂತೆ, ಒತ್ತಡ ಬಿದ್ದಾಗ ಹಿಮದ ಮೇಲಕ್ಕೆ ಏರುವ ದುಂಡುಮೈ ಅದರದು. 1893ರ ಜೂನಿನಲ್ಲಿ ಹದಿಮೂರು ಮಂದಿ ಹೊರಟರು. ಸೆಪ್ಟೆಂಬರಿನಲ್ಲಿ ಹಡಗು ಹಿಮದಲ್ಲಿ ಸೆರೆಯಾಯಿತು. ಧ್ರುವಸಾಗರವು ಆಳವಿಲ್ಲದ್ದೆಂದು ನಂಬಿ ಒಯ್ದಿದ್ದ ಅಳತೆಯ ಹಗ್ಗವು ತಳ ಮುಟ್ಟಲಿಲ್ಲ. ಹಡಗಿನ ಉಕ್ಕಿನ ಮಿಣಿಯನ್ನೇ ಬಿಚ್ಚಿ ಹೊಸೆದು ಇಳಿಬಿಟ್ಟಾಗ ಆಳವು ಮೂರು ಸಾವಿರ ಮೀಟರನ್ನು ಮೀರಿತ್ತು. ಮೇಲಣ ತಣ್ಣೀರಿನ ಕೆಳಗೆ ಅಟ್ಲಾಂಟಿಕಿನ ಬೆಚ್ಚನೆಯ ನೀರು ಹರಿಯುವುದೂ, ಹಿಮವು ಗಾಳಿ ಬೀಸುವ ದಿಕ್ಕಿಗಿಂತ ಬಲಕ್ಕೆ ವಾಲಿ ಚಲಿಸುವುದೂ ತಿಳಿದುಬಂದವು. 1895ರಲ್ಲಿ ಯೊಹಾನ್ಸೆನ್ ಎಂಬ ಸಂಗಡಿಗನೊಡನೆ ಹಡಗನ್ನು ಬಿಟ್ಟು ನಡೆದ ನಾನ್ಸೆನ್ 86 ಡಿಗ್ರಿ 14 ಮಿನಿಟಿನವರೆಗೆ ತಲುಪಿ ಹಿಂದಿರುಗಿದನು. 1896ರಲ್ಲಿ ಹದಿಮೂರು ಮಂದಿಯೂ ಕ್ಷೇಮವಾಗಿ ಮನೆ ಸೇರಿದರು.

ಮರಳಿದವನು ಎರಡು ಬಗೆಯ ಬರವಣಿಗೆಗೆ ತೊಡಗಿದನು. ಜನರಿಗಾಗಿ ಪ್ರವಾಸಕಥನವು 1897ರಲ್ಲಿ ಹೊರಬಂದು ಹಲವು ಭಾಷೆಗಳಿಗೆ ಹೋಯಿತು. ವಿದ್ವಾಂಸರಿಗಾಗಿ ಆರು ಸಂಪುಟಗಳು 1900ರಿಂದ 1906ರವರೆಗೆ ಪ್ರಕಟವಾದವು. ಹಿಮವು ಬಲಕ್ಕೆ ವಾಲುವ ಸಮಸ್ಯೆಯನ್ನು ಬಿಡಿಸಿದವನು ಎಕ್ಮನ್ ಎಂಬ ಸ್ವೀಡನ್ನಿನ ತರುಣ. ಯೂರೋಪು ಅಮೆರಿಕಗಳ ಸಭಾಂಗಣಗಳಲ್ಲಿ ನಾನ್ಸೆನ್ ಉಪನ್ಯಾಸಗಳನ್ನು ನೀಡಿದನು. ಲೋಕವು ಈಗ ಅವನ ಮಾತನ್ನು ನಂಬುತ್ತಿತ್ತು.

ಆ ನಂಬಿಕೆಯ ಕಠಿಣ ಪರೀಕ್ಷೆ ನಡೆದದ್ದು ಹಿಮದಿಂದ ಬಹುದೂರದಲ್ಲಿ. ಮೊದಲನೆಯ ಮಹಾಯುದ್ಧದ ತರುವಾಯ ರಾಷ್ಟ್ರಸಂಘದ ಪರವಾಗಿ ನಾಲ್ಕು ಲಕ್ಷಕ್ಕೂ ಮಿಕ್ಕ ಯುದ್ಧಕೈದಿಗಳನ್ನು ಅವನು ಅವರವರ ನಾಡಿಗೆ ಮುಟ್ಟಿಸಿದ್ದನು. 1921ರಲ್ಲಿ ರಷ್ಯದಲ್ಲಿ ಭೀಕರ ಕ್ಷಾಮವು ತಲೆದೋರಿದಾಗ ಜಿನೀವದ ಸಭೆಯಲ್ಲಿ ಎದ್ದು ನಿಂತು, ಕಡಲಾಚೆ ಧಾನ್ಯವು ಮಿಗುತೆಯಾಗಿರುವುದನ್ನೂ ಹಡಗುಗಳು ಕೆಲಸವಿಲ್ಲದೆ ನಿಂತಿರುವುದನ್ನೂ ತೋರಿಸಿ ಸರಕಾರಗಳ ಸಾಲವನ್ನು ಬೇಡಿದನು. ಸಾಕ್ಷ್ಯವಿತ್ತು, ಕೀರ್ತಿಯಿತ್ತು, ವಾಕ್ಶಕ್ತಿಯಿತ್ತು. ಆದರೂ ಹೊಸ ರಷ್ಯದ ಮೇಲಣ ಶಂಕೆಯು ಗೆದ್ದಿತು, ಸಭೆಯು ಒಪ್ಪಲಿಲ್ಲ. ಅವನು ಸುಮ್ಮನಾಗಲಿಲ್ಲ. ಕ್ಷಾಮದ ಚಿತ್ರಗಳನ್ನು ಹೊತ್ತು ಊರಿಂದೂರಿಗೆ ಹೋಗಿ ಜನರ ಮುಂದೆ ಸೆರಗೊಡ್ಡಿದನು, ಜನರು ಕೊಟ್ಟರು. ಅಮೆರಿಕದ ಪರಿಹಾರ ಸಂಸ್ಥೆಯ ದೊಡ್ಡ ನೆರವಿನೊಡನೆ ಈ ಕಾರ್ಯವೂ ಸೇರಿ ಅಸಂಖ್ಯರ ಪ್ರಾಣವುಳಿಯಿತು. ಆದರೂ ಲಕ್ಷಾಂತರ ಜನ ಅಳಿದರು. 1922ರಲ್ಲಿ ಅವನಿಗೆ ನೊಬೆಲ್ ಶಾಂತಿ ಪಾರಿತೋಷಕವು ದೊರೆಯಿತು.

1930ರ ಮೇ 13ರಂದು ನಾನ್ಸೆನ್ ತೀರಿಕೊಂಡನು. 2019ರಲ್ಲಿ ‘ಪೋಲಾರ್‌ಸ್ಟರ್ನ್’ ಎಂಬ ಜರ್ಮನಿಯ ಹಡಗು ಅವನ ಉಪಾಯವನ್ನೇ ಅನುಸರಿಸಿ, ಹಿಮದಲ್ಲಿ ಸೆರೆಯಾಗಿ ಧ್ರುವಸಾಗರದಲ್ಲಿ ತೇಲಿತು. ‘ಫ್ರಾಮ್’ ಕಂಡ ಹಿಮಕ್ಕಿಂತ ಈಗಿನ ಹಿಮವು ತೆಳುವಾಗಿದೆ, ಬೇಗ ಸಾಗುತ್ತಿದೆ. ಈ ವಾರ್ತೆಯನ್ನು ಹೊತ್ತು ಇಂದಿನ ವಿಜ್ಞಾನಿಗಳು ಶಾಲೆಗಳಿಗೂ ಸರಕಾರಗಳ ಬಾಗಿಲಿಗೂ ಹೋಗುತ್ತಿದ್ದಾರೆ. ಸತ್ಯವನ್ನು ಸಾಧಿಸಿದೊಡನೆ ಕೆಲಸವು ಮುಗಿಯಿತೆಂದು ನಾನ್ಸೆನ್ ಎಂದೂ ಭಾವಿಸಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಮತ್ತೊಂದನ್ನು ತಟ್ಟಿದನು. ಆಳುವವರು ಕಿವಿಗೊಡದಾಗ ಜನರ ಬಳಿಗೆ ನಡೆದ ಅವನ ದಾರಿಯು ಇಂದಿಗೂ ತೆರೆದೇ ಇದೆ.