ಗುರುವಿಗಿಂತ ಮುಂಚೆ ಬರುವ ಕೃಪೆ



ಬೀದರ್ ನಗರವಾಗಲಿ, ಭಾಲ್ಕಿಯಾಗಲಿ, ಔರಾದ್ ಆಗಲಿ, ನಮ್ಮ ಕುಟುಂಬಗಳು ಸಂಖ್ಯೆಯಲ್ಲಿ ಕಡಿಮೆ. ಎಲ್ಲೋ ನಾಲ್ಕಾರು ಮನೆಗಳಿರುವ ಹಳ್ಳಿಯಲ್ಲಿ ಭಾನುವಾರದ ಬಲಿಪೂಜೆ ಇಲ್ಲದೆ ಹೋದಾಗ, ದೇವರು ನಮ್ಮನ್ನು ಮರೆತರೇ ಎಂಬ ಅಳುಕು ಹುಟ್ಟಬಹುದು. ನಾನು ಹೋಗದಿದ್ದರೆ ಈ ಜನರ ಗತಿಯೇನು ಎಂದು ನಾನೂ ಎಣಿಸಿದ್ದುಂಟು. ಸಂತ ಜೋಸೆಫ್ ವಾಜರ ಜೀವನ ನಿಮ್ಮ ಅಳುಕನ್ನೂ ನನ್ನ ಅಹಂಕಾರವನ್ನೂ ಒಟ್ಟಿಗೆ ತಿದ್ದುತ್ತದೆ.

ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬೆನೌಲಿಮ್‌ನಲ್ಲಿ ಹುಟ್ಟಿದರು. 1676ರಲ್ಲಿ ಗುರುದೀಕ್ಷೆ ಪಡೆದು, ಮರುವರ್ಷ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದು ಅರ್ಪಿಸಿಕೊಂಡರು. 1681ರಲ್ಲಿ ನಮ್ಮ ಕನ್ನಡ ಕರಾವಳಿಗೆ ಬಂದರು. ಗೋವೆಯ ಧರ್ಮಾಧಿಕಾರ ಒಂದು ಕಡೆ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷರು ಇನ್ನೊಂದು ಕಡೆ. ನಡುವೆ ಸಿಕ್ಕ ಕ್ರೈಸ್ತರು ಯಾರ ಮಾತು ಕೇಳಬೇಕೆಂದು ತಿಳಿಯದೆ ಒಡೆದುಹೋಗಿದ್ದರು. ವಾಜರು ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಸೇವೆಮಾಡಿ, ಶಾಂತಿಗಾಗಿ ಶ್ರಮಿಸಿ 1684ರಲ್ಲಿ ಗೋವೆಗೆ ಮರಳಿದರು.

ಅಲ್ಲಿ ಅವರ ಮನಸ್ಸನ್ನು ಕೊರೆಯುತ್ತಿದ್ದುದು ಶ್ರೀಲಂಕಾದ ಸುದ್ದಿ. 1658ರ ಹೊತ್ತಿಗೆ ಆ ದ್ವೀಪದ ಕರಾವಳಿಯನ್ನು ವಶಪಡಿಸಿಕೊಂಡ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಗುರುವಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯ ಭಯವಿತ್ತು. 1687ರಲ್ಲಿ ವಾಜರು ಕೂಲಿಯವನ ವೇಷ ತೊಟ್ಟು ಜಾಫ್ನ ಪ್ರದೇಶ ಸೇರಿದರು. ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆಯ ಮುಂದೆ ಭಿಕ್ಷೆಗೆ ನಿಂತರು. ಜಪಸರವನ್ನು ಗುರುತಿಸುವವರು ಯಾರೆಂದು ಕಾಯ್ದರು.

ಗುರುತಿಸುವವರು ಇದ್ದರು! ಸುಮಾರು ಮೂವತ್ತು ವರ್ಷ ಗುರುವಿಲ್ಲದಿದ್ದರೂ ಕುಟುಂಬಗಳು ಗುಟ್ಟಾಗಿ ವಿಶ್ವಾಸವನ್ನು ಉಳಿಸಿಕೊಂಡಿದ್ದವು. ನಮ್ಮ ಪ್ರಯತ್ನಕ್ಕಿಂತ ಮುಂಚೆ ದೇವರ ಕೃಪೆ ಬರುತ್ತದೆ ಎಂದು ಧರ್ಮಸಭೆ ಬೋಧಿಸುವುದು ಇದನ್ನೇ. ವಾಜರಿಗಿಂತ ಮೊದಲೇ ಕೃಪೆ ಆ ಮನೆಗಳಲ್ಲಿತ್ತು. ಹಾಗೆಂದು ಸಂಸ್ಕಾರಗಳು ಬೇಡವಾದವೇ? ಇಲ್ಲ. ಪರಮಪ್ರಸಾದದ ಹಸಿವನ್ನು ಅಷ್ಟು ವರ್ಷ ಜೀವಂತವಾಗಿ ಇಟ್ಟದ್ದೂ ಅದೇ ಕೃಪೆ. ಪ್ರಾಣಕ್ಕೆ ಅಪಾಯವಿದ್ದರೂ ಜನ ಅವರನ್ನು ಬಚ್ಚಿಟ್ಟು ಕಾಪಾಡಿದರು.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಗೂಢಚಾರನೆಂಬ ಸಂಶಯದ ಮೇಲೆ ಅವರನ್ನು ಸೆರೆಯಲ್ಲಿಟ್ಟರು. ಆದರೆ 1697ರಲ್ಲಿ ಸಿಡುಬು ಹಬ್ಬಿ ಜನ ಊರು ಬಿಟ್ಟು ಓಡಿದಾಗ, ವಾಜರು ಉಳಿದರು. ಕ್ರೈಸ್ತರು, ಬೌದ್ಧರು ಎಂದು ನೋಡದೆ ರೋಗಿಗಳನ್ನು ಉಪಚರಿಸಿದರು, ಸತ್ತವರನ್ನು ಮಣ್ಣುಮಾಡಿದರು. ರಾಜನೂ ಅವರನ್ನು ಗೌರವಿಸಿದ. ಗುರು ಇಲ್ಲದ ದಿನಗಳಲ್ಲಿ ಪ್ರಾರ್ಥನೆ ನಡೆಸಲು ಅವರು ಉಪದೇಶಿಗಳನ್ನೂ ಸಮುದಾಯದ ಹಿರಿಯರನ್ನೂ ಸಿದ್ಧಗೊಳಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. 1995ರಲ್ಲಿ ಪುನೀತರೆಂದೂ 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲೇ ಘೋಷಿತರಾದರು.

ಪ್ರಿಯರೇ, ಸ್ವಾಮಿಗಳು ಬರಲಾಗದ ಭಾನುವಾರ ಬಾಗಿಲು ಮುಚ್ಚಿ ಕೂರಬೇಡಿ. ಒಬ್ಬರ ಮನೆಯಲ್ಲಿ ಸೇರಿ ಶುಭಸಂದೇಶ ಓದಿ, ಜಪಸರ ಹೇಳಿ. ಮಾತು ಬಿಟ್ಟ ನೆರೆಮನೆಯವರನ್ನು ಮೊದಲು ಕರೆಯಿರಿ. ಹಾಸಿಗೆ ಹಿಡಿದವರು ಯಾವ ಧರ್ಮದವರೇ ಆಗಿರಲಿ, ಹೋಗಿ ನೋಡಿ. ನಾನು ನಿಮ್ಮ ಊರಿಗೆ ಬರುವ ದಿನ, ಕೃಪೆ ನನಗಿಂತ ಮುಂಚೆಯೇ ಬಂದು ಕುಳಿತಿರುವುದನ್ನು ನಿಮ್ಮ ಮುಖಗಳಲ್ಲಿ ಕಾಣುವಂತಾಗಲಿ.