ಜಾಕೋಬಸ್ ಹೆನ್ರಿಕಸ್ ವಾಂಟ್ ಹಾಫ್

ಜಾಕೋಬಸ್ ಹೆನ್ರಿಕಸ್ ವಾಂಟ್ ಹಾಫ್ (30 ಆಗಸ್ಟ್ 1852 – 1 ಮಾರ್ಚ್ 1911) ನೆದರ್ಲೆಂಡ್ಸ್ ದೇಶದ ಭೌತರಸಾಯನ ವಿಜ್ಞಾನಿ. ರಸಾಯನ ವಿಜ್ಞಾನದ ಮೊತ್ತಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಇವರಿಗೆ ಸಂದಿತು. ಅಣುಗಳ ತ್ರಿವಿಮ ರಚನೆ, ರಾಸಾಯನಿಕ ಕ್ರಿಯೆಗಳ ವೇಗ ಹಾಗೂ ದ್ರಾವಣಗಳ ಗುಣಗಳನ್ನು ಕುರಿತ ಇವರ ಸಂಶೋಧನೆಗಳು ಭೌತರಸಾಯನ ವಿಜ್ಞಾನಕ್ಕೆ ತಳಹದಿಯಾದವು.

ಜನನ ಮತ್ತು ಶಿಕ್ಷಣ

ವಾಂಟ್ ಹಾಫ್ ರಾಟರ್‌ಡ್ಯಾಮ್ ನಗರದಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಏಳು ಮಕ್ಕಳಲ್ಲಿ ಇವರು ಮೂರನೆಯವರು. ಡೆಲ್ಫ್ಟ್‌ನ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, ಲೈಡನ್‌ನಲ್ಲಿ ಗಣಿತವನ್ನು ಅಭ್ಯಾಸ ಮಾಡಿದರು. ಅನಂತರ ಬಾನ್‌ನಲ್ಲಿ ಕೆಕುಲೆ ಅವರ ಬಳಿಯೂ ಪ್ಯಾರಿಸ್‌ನಲ್ಲಿ ವುರ್ಟ್ಸ್ ಅವರ ಬಳಿಯೂ ಕಲಿತು, 1874ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು.

ತ್ರಿವಿಮ ರಸಾಯನ ವಿಜ್ಞಾನ

ಆ ಕಾಲದಲ್ಲಿ ಅಣುಗಳನ್ನು ಕಾಗದದ ಮೇಲೆ ಚಪ್ಪಟೆಯಾದ ಚಿತ್ರಗಳಂತೆ ಬರೆಯಲಾಗುತ್ತಿತ್ತು. ಒಂದೇ ಸೂತ್ರವುಳ್ಳ ಎರಡು ಲ್ಯಾಕ್ಟಿಕ್ ಆಮ್ಲಗಳು ಬೆಳಕಿನ ಮೇಲೆ ಬೇರೆ ಬೇರೆ ಪರಿಣಾಮ ಬೀರುವುದು ಏಕೆಂಬುದಕ್ಕೆ ಈ ಚಿತ್ರಗಳಲ್ಲಿ ಉತ್ತರವಿರಲಿಲ್ಲ. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿರುತ್ತವೆ ಎಂದು 22ರ ಹರೆಯದ ವಾಂಟ್ ಹಾಫ್ 1874ರಲ್ಲಿ ಒಂದು ಕಿರುಹೊತ್ತಗೆಯಲ್ಲಿ ಪ್ರತಿಪಾದಿಸಿದರು. ನಾಲ್ಕು ಬಂಧಗಳಿಗೂ ಭಿನ್ನ ಗುಂಪುಗಳು ಸೇರಿದಾಗ, ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾದ ಎರಡು ರೂಪಗಳು ಉಂಟಾಗುತ್ತವೆ. ಫ್ರಾನ್ಸಿನ ಲ ಬೆಲ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು.

ಲೈಪ್ಜಿಗ್‌ನ ಹಿರಿಯ ರಸಾಯನ ವಿಜ್ಞಾನಿ ಹರ್ಮನ್ ಕೋಲ್ಬೆ 1877ರಲ್ಲಿ ಈ ಸಿದ್ಧಾಂತವನ್ನು ಬರಿಯ ಕಲ್ಪನಾವಿಲಾಸವೆಂದು ಕಟುವಾಗಿ ಹೀಯಾಳಿಸಿದರು. ವಾಂಟ್ ಹಾಫ್ ಆಗ ಯೂಟ್ರೆಕ್ಟ್‌ನ ಪಶುವೈದ್ಯ ಶಾಲೆಯಲ್ಲಿ ಅಧ್ಯಾಪಕರಾಗಿದ್ದುದೂ ಅಣಕಕ್ಕೆ ಗುರಿಯಾಯಿತು. 1878ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಾಧ್ಯಾಪಕರಾದಾಗ ಅವರು ತಮ್ಮ ಪ್ರಥಮೋಪನ್ಯಾಸಕ್ಕೆ ವಿಜ್ಞಾನದಲ್ಲಿ ಕಲ್ಪನಾಶಕ್ತಿಯ ಸ್ಥಾನವೆಂಬ ವಿಷಯವನ್ನೇ ಆರಿಸಿಕೊಂಡರು. ಸುಮಾರು 200 ವಿಜ್ಞಾನಿಗಳ ಜೀವನಚರಿತ್ರೆಗಳನ್ನು ಪರಿಶೀಲಿಸಿ, ಮಹಾನ್ ಸಂಶೋಧಕರಲ್ಲಿ ಅನೇಕರು ಪ್ರಬಲ ಕಲ್ಪನೆಯುಳ್ಳವರಾಗಿದ್ದರೆಂದು ತೋರಿಸಿದರು. ಅಲೀನ್ ವರ್ಗದ ಕೆಲವು ಸಂಯುಕ್ತಗಳಿಗೂ ಪ್ರತಿಬಿಂಬ ರೂಪಗಳಿರಬೇಕೆಂದು ಅವರು 1875ರಲ್ಲಿ ಊಹಿಸಿದ್ದು 1935ರಲ್ಲಿ ಪ್ರಯೋಗದಿಂದ ದೃಢಪಟ್ಟಿತು.

ಕ್ರಿಯಾವೇಗ ಮತ್ತು ದ್ರಾವಣಗಳು

1884ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ರಾಸಾಯನಿಕ ಕ್ರಿಯೆಗಳ ವೇಗವನ್ನೂ, ಉಷ್ಣತೆಗನುಗುಣವಾಗಿ ಸಮತೋಲ ಬದಲಾಗುವ ಬಗೆಯನ್ನೂ ಗಣಿತದ ಮೂಲಕ ನಿರೂಪಿಸಿದರು. ಸಸ್ಯವಿಜ್ಞಾನಿ ಫೆಫರ್ ಸಕ್ಕರೆಯ ದ್ರಾವಣಗಳ ಅಭಿಸರಣ ಒತ್ತಡವನ್ನು ಅಳೆದಿದ್ದರು. ಆ ಅಂಕಿಗಳನ್ನು ಪರಿಶೀಲಿಸಿದ ವಾಂಟ್ ಹಾಫ್, ತೆಳು ದ್ರಾವಣದಲ್ಲಿ ಕರಗಿದ ವಸ್ತುವೂ ಅನಿಲ ನಿಯಮವನ್ನೇ ಅನುಸರಿಸುತ್ತದೆಂದು ಕಂಡುಕೊಂಡರು. ಲವಣಗಳ ದ್ರಾವಣಗಳಲ್ಲಿ ಒತ್ತಡ ನಿರೀಕ್ಷೆಗಿಂತ ಹೆಚ್ಚಿದ್ದುದರಿಂದ ಸೂತ್ರಕ್ಕೆ ಒಂದು ಗುಣಕವನ್ನು ಸೇರಿಸಿದರು. ಇದೇ ಇಂದಿನ ಪಠ್ಯಪುಸ್ತಕಗಳ ವಾಂಟ್ ಹಾಫ್ ಗುಣಕ. ಲವಣವು ಅಯಾನುಗಳಾಗಿ ಒಡೆಯುವುದೇ ಇದಕ್ಕೆ ಕಾರಣವೆಂದು ಸ್ವೀಡನ್ನಿನ ಅರೀನಿಯಸ್ ವಿವರಿಸಿದರು. 1887ರಲ್ಲಿ ವಾಂಟ್ ಹಾಫ್ ಮತ್ತು ಓಸ್ಟ್‌ವಾಲ್ಡ್ ಭೌತರಸಾಯನ ವಿಜ್ಞಾನಕ್ಕೆ ಮೀಸಲಾದ ಪತ್ರಿಕೆಯೊಂದನ್ನು ಆರಂಭಿಸಿದರು.

ಕೊನೆಯ ವರ್ಷಗಳು

ಬೋಧನೆ ಮತ್ತು ಆಡಳಿತದ ಹೊರೆಯಿಂದ ಸಂಶೋಧನೆಗೆ ಬಿಡುವು ದೊರೆಯದಾದಾಗ, 1896ರಲ್ಲಿ ಅವರು ಬರ್ಲಿನ್‌ಗೆ ತೆರಳಿದರು. ಅಲ್ಲಿ ವಾರಕ್ಕೊಂದು ಉಪನ್ಯಾಸವಷ್ಟೇ ಅವರ ಹೊಣೆಯಾಗಿತ್ತು. ಮೇಯರ್‌ಹಾಫರ್ ಅವರೊಡನೆ ಸ್ಟಾಸ್‌ಫರ್ಟ್‌ನ ಲವಣ ನಿಕ್ಷೇಪಗಳು ರೂಪುಗೊಂಡ ಬಗೆಯನ್ನು ಅಧ್ಯಯನ ಮಾಡಿದರು. 1911ರಲ್ಲಿ ಬರ್ಲಿನ್ ಬಳಿಯ ಸ್ಟೆಗ್ಲಿಟ್ಸ್‌ನಲ್ಲಿ ಕ್ಷಯರೋಗದಿಂದ ನಿಧನರಾದರು.

ಗೌರವಗಳು

1893ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಇವರಿಗೂ ಲ ಬೆಲ್ ಅವರಿಗೂ ಜಂಟಿಯಾಗಿ ಡೇವಿ ಪದಕ ನೀಡಿತು. ನೊಬೆಲ್ ಪ್ರಶಸ್ತಿಯು ಕ್ರಿಯಾವೇಗ ಮತ್ತು ಅಭಿಸರಣ ಒತ್ತಡದ ನಿಯಮಗಳಿಗಾಗಿ ಲಭಿಸಿತು. ಚಂದ್ರನ ಮೇಲಿನ ಒಂದು ಕುಳಿಗೆ ಇವರ ಹೆಸರಿಡಲಾಗಿದೆ.