ಸರ್ ಕೆ. ಶೇಷಾದ್ರಿ ಅಯ್ಯರ್ (1845–1901): ಹೊಸ ಬಡಾವಣೆಗಳು ಮತ್ತು ಕಾವೇರಿ ವಿದ್ಯುತ್ತು

ಪೀಠಿಕೆ

ಬಸವನಗುಡಿ, ಮಲ್ಲೇಶ್ವರ ಹಾಗೂ ಚಾಮರಾಜಪೇಟೆಗಳಲ್ಲಿ ಹೊಸದಾಗಿ ಉದ್ಯಮ ಆರಂಭಿಸುವವರೂ ಇರುವ ಉದ್ಯಮವನ್ನು ವಿಸ್ತರಿಸುವವರೂ ತಮ್ಮ ವಿದ್ಯುತ್ ಸ್ಥಾವರಗಳ ಸುರಕ್ಷತಾ ಪರೀಕ್ಷೆಯ ಬಗ್ಗೆ ಮಾಹಿತಿ ಬಯಸುವುದು ಸಹಜ. ಈ ಮೂರು ಬಡಾವಣೆಗಳು ರೂಪುಗೊಂಡದ್ದೂ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಕಾರ್ಯ ಆರಂಭವಾದದ್ದೂ ಒಬ್ಬರೇ ದಿವಾನರ ಆಡಳಿತಾವಧಿಯಲ್ಲಿ. ಅವರೇ ಸರ್ ಕೆ. ಶೇಷಾದ್ರಿ ಅಯ್ಯರ್. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಹಾಗೂ ಅರ್ಜಿದಾರರು ತಿಳಿದಿರಬೇಕಾದ ಕೆಲವು ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಕೆಳಗೆ ನೀಡಲಾಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಆರಂಭಿಕ ಸೇವೆ

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಅಂದಿನ ಮಲಬಾರ್ ಜಿಲ್ಲೆಯ ಪಾಲ್ಘಾಟ್ ಪ್ರದೇಶದಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿ ವ್ಯಾಸಂಗ ಮಾಡಿ, ನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವಿ ಪಡೆದರು. 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಅಂದು ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಸೇವೆಯಲ್ಲಿರುವಾಗಲೇ ಕಾನೂನು ಪದವಿಯನ್ನೂ ಗಳಿಸಿದ ಇವರು ನ್ಯಾಯ ಹಾಗೂ ಕಂದಾಯ ಶಾಖೆಗಳಲ್ಲಿ ಕ್ರಮೇಣ ಉನ್ನತ ಹುದ್ದೆಗಳಿಗೆ ಏರಿದರು.

1881ರಲ್ಲಿ ಸಂಸ್ಥಾನದ ಆಡಳಿತವು ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿತು. ಮೊದಲ ದಿವಾನರಾದ ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ನಿಧನ ಹೊಂದಿದಾಗ ಶೇಷಾದ್ರಿ ಅಯ್ಯರ್ ಅವರನ್ನು ದಿವಾನರನ್ನಾಗಿ ನೇಮಿಸಲಾಯಿತು. ಆಗ ಅವರಿಗೆ ನಲವತ್ತು ವರ್ಷವೂ ತುಂಬಿರಲಿಲ್ಲ. 1894ರ ಡಿಸೆಂಬರ್‌ನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ನಿಧನರಾದ ಮೇಲೆ ಮಹಾರಾಣಿ ವಾಣೀವಿಲಾಸ ಸನ್ನಿಧಾನ ಅವರು ರೀಜೆಂಟರಾದರು. ಅವರ ಅಧೀನದಲ್ಲಿಯೂ ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿ ಮುಂದುವರಿದರು. ರೈಲು ಮಾರ್ಗಗಳ ವಿಸ್ತರಣೆ, ಭೂವಿಜ್ಞಾನ ಇಲಾಖೆಯ ಸ್ಥಾಪನೆ, ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆ ನೀರಿನ ಸರಬರಾಜು, ಮಾರಿಕಣಿವೆಯ ಅಣೆಕಟ್ಟಿನ ಆರಂಭ, ವಿಕ್ಟೋರಿಯಾ ಆಸ್ಪತ್ರೆಯ ನಿರ್ಮಾಣ ಇವು ಅವರ ಕಾಲದ ಪ್ರಮುಖ ಕಾರ್ಯಗಳು.

ಪ್ಲೇಗ್ ಮತ್ತು ಹೊಸ ಬಡಾವಣೆಗಳು

ಬೆಂಗಳೂರಿನ ಹಳೆಯ ಪೇಟೆಯ ಪಶ್ಚಿಮಕ್ಕೆ ಚಾಮರಾಜಪೇಟೆಯನ್ನು 1892ರಲ್ಲಿ ಯೋಜಿತ ಬಡಾವಣೆಯಾಗಿ ರೂಪಿಸಲಾಯಿತು. 1898ರ ಆಗಸ್ಟ್‌ನಲ್ಲಿ ನಗರಕ್ಕೆ ಪ್ಲೇಗ್ ಕಾಲಿಟ್ಟಿತು. ಗಾಳಿ ಬೆಳಕು ಕಡಿಮೆಯಿದ್ದ, ಮನೆಗೆ ಮನೆ ತಾಗಿಕೊಂಡಿದ್ದ ಪೇಟೆಯ ಓಣಿಗಳಲ್ಲಿ ರೋಗ ಬೇಗನೆ ಹರಡಿತು. ವಿ.ಪಿ. ಮಾಧವ ರಾವ್ ಅವರು ಪ್ಲೇಗ್ ಕಮಿಷನರಾಗಿ ನಿಯಂತ್ರಣ ಕಾರ್ಯ ನಿರ್ವಹಿಸಿದರು. ದಕ್ಷಿಣದಲ್ಲಿ ಬಸವನಗುಡಿ ಹಾಗೂ ಉತ್ತರದಲ್ಲಿ ಮಲ್ಲೇಶ್ವರ ಬಡಾವಣೆಗಳ ಕಾರ್ಯಕ್ಕೆ ವೇಗ ದೊರೆತದ್ದು ಈ ಸಂದರ್ಭದಲ್ಲಿಯೇ.

ಈ ಬಡಾವಣೆಗಳಲ್ಲಿ ನೇರವಾದ ಅಗಲ ರಸ್ತೆಗಳು, ಅಳತೆಗೊಳಪಟ್ಟ ನಿವೇಶನಗಳು, ಮನೆಗಳ ಹಿಂದೆ ನೈರ್ಮಲ್ಯಕ್ಕಾಗಿ ಓಣಿಗಳು ಇದ್ದವು. ರೋಗ ಬಂದ ಮೇಲೆ ಔಷಧಿ ಹುಡುಕುವುದಕ್ಕಿಂತ, ರೋಗ ಹರಡದಂತೆ ವಾಸಸ್ಥಳವನ್ನು ಮೊದಲೇ ಅಣಿಗೊಳಿಸುವುದು ಲೇಸೆಂಬ ತಿಳಿವಳಿಕೆ ಈ ವಿನ್ಯಾಸದ ಹಿಂದಿತ್ತು. ಸುರಕ್ಷತೆಯು ಬಳಕೆಗೆ ಮುನ್ನವೇ ಆಗಬೇಕಾದ ಕೆಲಸ ಎಂಬುದನ್ನು ಇಂದಿಗೂ ಈ ಬೀದಿಗಳಲ್ಲಿ ಕಾಣಬಹುದು.

ಶಿವನಸಮುದ್ರ ಯೋಜನೆ

ಕೋಲಾರದ ಚಿನ್ನದ ಗಣಿಗಳು ಅಂದು ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಅವುಗಳಿಗೆ ಬೇಕಾದ ಸೌದೆ ಹಾಗೂ ಕಲ್ಲಿದ್ದಲಿನ ವೆಚ್ಚ ಅಧಿಕವಾಗಿತ್ತು. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಪಡೆದು ಗಣಿಗಳಿಗೆ ಒದಗಿಸುವ ಯೋಜನೆ ಈ ಅಗತ್ಯದಿಂದ ಬೆಳೆಯಿತು. ಭಾರತದಲ್ಲಿ 1897ರಲ್ಲಿ ಡಾರ್ಜಿಲಿಂಗ್ ಬಳಿ ಸಣ್ಣದೊಂದು ಜಲವಿದ್ಯುತ್ ಕೇಂದ್ರ ಆರಂಭವಾಗಿತ್ತು. ಅಮೆರಿಕದ ನಯಾಗರಾದಿಂದ ಬಫೆಲೋ ನಗರಕ್ಕೆ 1896ರಲ್ಲಿ ವಿದ್ಯುತ್ತು ತಲುಪಿತ್ತು. ಆದರೆ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ಇದ್ದ ಅಂತರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಅಷ್ಟು ದೂರ ತಂತಿಯ ಮೂಲಕ ಶಕ್ತಿ ಸಾಗಿಸುವುದು ಅಂದು ಸಾಹಸದ ಮಾತಾಗಿತ್ತು.

ದಿವಾನರ ಸರ್ಕಾರವು ಮೊದಲು ಪರಿಶೀಲನೆಗೆ ಆದ್ಯತೆ ನೀಡಿತು. ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಕ್ಯಾಪ್ಟನ್ ಎ.ಜೆ. ಡಿ ಲೋಟ್ಬಿನಿಯರ್ ಅವರು ಯೂರೋಪು ಮತ್ತು ಅಮೆರಿಕಗಳಿಗೆ ತೆರಳಿ ಅಲ್ಲಿನ ವಿದ್ಯುತ್ ವ್ಯವಸ್ಥೆಯನ್ನು ಅಧ್ಯಯನ ಮಾಡಿದರು. ಕಾವೇರಿಯ ನೀರಿನ ವಿಷಯದಲ್ಲಿ ಮದರಾಸು ಸರ್ಕಾರದ ಒಪ್ಪಿಗೆ ಪಡೆಯಲಾಯಿತು. ವಿದ್ಯುತ್ ಉಪಕರಣಗಳಿಗಾಗಿ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು, ಟರ್ಬೈನುಗಳಿಗಾಗಿ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯನ್ನು ಆರಿಸಲಾಯಿತು. ಭಾರವಾದ ಯಂತ್ರಭಾಗಗಳನ್ನು ಕಾಡುದಾರಿಗಳಲ್ಲಿ ಸಾಗಿಸಲು ಆನೆಗಳ ಸಹಾಯವನ್ನೂ ಪಡೆಯಲಾಯಿತು.

ಅನಾರೋಗ್ಯದ ಕಾರಣ ಶೇಷಾದ್ರಿ ಅಯ್ಯರ್ ಅವರು 1901ರಲ್ಲಿ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನ ಹೊಂದಿದರು. 1902ರ ಜೂನ್ 30ರಂದು ಸುಮಾರು 35,000 ವೋಲ್ಟ್ ಒತ್ತಡದಲ್ಲಿ ವಿದ್ಯುತ್ತು ಕೋಲಾರದ ಗಣಿಗಳನ್ನು ತಲುಪಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರು ನಗರದಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಇವೆರಡನ್ನೂ ನೋಡುವ ಅವಕಾಶ ಅವರಿಗೆ ಒದಗಲಿಲ್ಲ. ಶಿವನಸಮುದ್ರದ ವಿದ್ಯುತ್ ಕೇಂದ್ರವು ಅವರ ಹೆಸರನ್ನು ಹೊತ್ತಿದೆ. ಶೇಷಾದ್ರಿಪುರಂ ಬಡಾವಣೆ, ಕಬ್ಬನ್ ಉದ್ಯಾನದ ಪ್ರತಿಮೆ ಹಾಗೂ ರಾಜ್ಯ ಕೇಂದ್ರ ಗ್ರಂಥಾಲಯವಿರುವ ಸ್ಮಾರಕ ಭವನ ಅವರ ನೆನಪನ್ನು ಉಳಿಸಿವೆ.

ಒಂದೇ ನಿಯಮದ ಎರಡು ಮುಖಗಳು

ತಂತಿಯಲ್ಲಿ ಉಂಟಾಗುವ ಬಿಸಿಯು ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒತ್ತಡವನ್ನು ಹೆಚ್ಚಿಸಿದರೆ ಅಷ್ಟೇ ಶಕ್ತಿಯನ್ನು ಕಡಿಮೆ ಪ್ರವಾಹದಲ್ಲಿ ಸಾಗಿಸಬಹುದು; ನಷ್ಟವೂ ಕಡಿಮೆಯಾಗುತ್ತದೆ. ಶಿವನಸಮುದ್ರದ ವಿದ್ಯುತ್ತು 92 ಮೈಲಿ ಸಾಗಿದ್ದು ಈ ನಿಯಮದ ಬಲದಿಂದ.

ಅದೇ ನಿಯಮವು ಹಳೆಯ ಕಟ್ಟಡದಲ್ಲಿ ಅಪಾಯ ತರಬಲ್ಲದು. ಕೆಲವು ದೀಪ ಹಾಗೂ ಫ್ಯಾನುಗಳಿಗಾಗಿ ಎಳೆದ ತಂತಿಗೆ ಒಲೆ, ಶೀತಕ, ಹವಾನಿಯಂತ್ರಕಗಳನ್ನು ಜೋಡಿಸಿ ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ವಾಸದ ಮನೆಗಳು ಅಂಗಡಿ, ಉಪಾಹಾರ ಗೃಹ, ಚಿಕಿತ್ಸಾಲಯಗಳಾಗಿ ಮಾರ್ಪಟ್ಟಿರುವ ಈ ಬಡಾವಣೆಗಳಲ್ಲಿ ಇದು ಗಮನಿಸಬೇಕಾದ ವಿಷಯ. ಗೋಡೆಯೊಳಗಿನ ತಂತಿಯ ಹೊದಿಕೆ ಒಣಗಿ ಬಿರಿದಿರುವುದು ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆಯಿಂದ ಮಾತ್ರ ಅದು ತಿಳಿಯುತ್ತದೆ.

ಅರ್ಜಿದಾರರ ಗಮನಕ್ಕೆ

1. ಹೊದಿಕೆಯ ಪರೀಕ್ಷೆ: ಸರಬರಾಜನ್ನು ಕಡಿತಗೊಳಿಸಿ, ಕಡಿಮೆ ಒತ್ತಡದ ಸ್ಥಾವರದ ತಂತಿ ಹಾಗೂ ಭೂಮಿಯ ನಡುವೆ 500 ವೋಲ್ಟ್ ನೇರ ವಿದ್ಯುತ್ತನ್ನು ಒಂದು ನಿಮಿಷ ಪ್ರಯೋಗಿಸಲಾಗುತ್ತದೆ. ರೋಧವು ಕನಿಷ್ಠ 1 ಮೆಗಾ ಓಮ್ ಇರತಕ್ಕದ್ದು.

2. ಭೂಸಂಪರ್ಕದ ಪರೀಕ್ಷೆ: ಉಪಕರಣದ ಲೋಹದ ಹೊರಮೈಗೆ ವಿದ್ಯುತ್ತು ಸೋರಿದಲ್ಲಿ ಅದು ಭೂಮಿಗೆ ಹರಿಯಲು ಸರಿಯಾದ ದಾರಿ ಇರಬೇಕು. ಸಣ್ಣ ಸೋರಿಕೆಯನ್ನು ಫ್ಯೂಸ್ ಗುರುತಿಸಲಾರದು. ಅದಕ್ಕಾಗಿ ಭೂಸೋರಿಕೆ ರಕ್ಷಕ ಸಾಧನ ಅಗತ್ಯ. ಮನುಷ್ಯರ ರಕ್ಷಣೆಗೆ ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ಸಾಧನವನ್ನು ಬಳಸಲಾಗುತ್ತದೆ.

3. ಹೊರೆಯ ಲೆಕ್ಕ: ಹೊಸ ಯಂತ್ರ ಜೋಡಿಸುವ ಮುನ್ನ ಮಂಜೂರಾದ ಹೊರೆ, ತಂತಿಯ ಗಾತ್ರ ಹಾಗೂ ರಕ್ಷಕ ಸಾಧನಗಳ ಸಾಮರ್ಥ್ಯ ಪರಸ್ಪರ ಹೊಂದುವಂತಿರಬೇಕು. ತಂತಿಯನ್ನು ಬದಲಿಸದೆ ಹೆಚ್ಚು ಸಾಮರ್ಥ್ಯದ ಫ್ಯೂಸ್ ಹಾಕುವುದು ಬೆಂಕಿಗೆ ಅವಕಾಶ ಕೊಟ್ಟಂತೆ.

4. ಪರವಾನಗಿ: ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ನಿಗದಿತ ಮಿತಿ ಮೀರಿದ ಅಧಿಕ ಒತ್ತಡದ ಸ್ಥಾವರ, ಪರಿವರ್ತಕ ಹಾಗೂ ಜನರೇಟರುಗಳಿಗೆ ಚಾಲನೆಗೆ ಮುನ್ನ ವಿದ್ಯುತ್ ಪರಿವೀಕ್ಷಕರ ಅನುಮೋದನೆ ಅಗತ್ಯ. ಲಿಫ್ಟುಗಳಿಗೆ ರಾಜ್ಯದಲ್ಲಿ ಪ್ರತ್ಯೇಕ ಅಧಿನಿಯಮವಿದೆ.

ವಿದ್ಯುಚ್ಛಕ್ತಿ ಅಧಿನಿಯಮ, 2003 ಹಾಗೂ ಅದರಡಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2023ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳು ಈ ವಿಷಯಕ್ಕೆ ಅನ್ವಯಿಸುತ್ತವೆ. ಬೆಂಗಳೂರಿಗೆ ವಿದ್ಯುದ್ದೀಪ ಬರುವುದಕ್ಕೆ ಬಹಳ ಮೊದಲೇ, 1887ರಲ್ಲಿ, ಬ್ರಿಟಿಷ್ ಇಂಡಿಯಾದ ಮೊದಲ ವಿದ್ಯುತ್ ಕಾನೂನು ಜಾರಿಗೆ ಬಂದದ್ದು ಜನರ ಪ್ರಾಣ ಮತ್ತು ಆಸ್ತಿಯ ರಕ್ಷಣೆಗಾಗಿಯೇ ಎಂಬುದು ಗಮನಾರ್ಹ. ಉದ್ಯಮಿಗಳು ತಮ್ಮ ಕೆಲಸಗಾರರ ಹಾಗೂ ಗ್ರಾಹಕರ ಹಿತದೃಷ್ಟಿಯಿಂದ ಸಂಪರ್ಕಕ್ಕೆ ಮೊದಲೇ ಪರೀಕ್ಷೆ ಮಾಡಿಸಿ, ವರದಿಯನ್ನು ಸ್ಥಳದಲ್ಲಿ ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.